ಮದ್ದಿನ ಪಂಪು ಮತ್ತು ಮಳೆಗಾಲ: ಅಡಿಕೆ ತೋಟಗಳಲ್ಲಿ ಉಪಕರಣ ನಿರ್ವಹಣೆಯ ಒಂದು ಚರಿತ್ರೆ

ಯಂತ್ರ ನಿರ್ವಹಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಿರಣಿ, ಹೆಂಚಿನ ಕಾರ್ಖಾನೆ, ರೈಲ್ವೆ ಕಾರ್ಯಾಗಾರಗಳತ್ತ ನೋಡುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ಮಟ್ಟಿಗೆ ಆ ಚರಿತ್ರೆಯ ಮಹತ್ವದ ಒಂದು ಅಧ್ಯಾಯ ಅಡಿಕೆ ತೋಟದ ಬುಡದಲ್ಲಿದೆ. ಕೊಳೆರೋಗಕ್ಕೆ ಮದ್ದು ಬಿಡುವ ಪಂಪು ಅದರ ವಸ್ತು.

ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವು ಶಿಲೀಂಧ್ರವನ್ನು ತಡೆಯುವುದೆಂದು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದನು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣವನ್ನು ಅಧ್ಯಯನ ಮಾಡಿ, 1910ರ ಸುಮಾರಿಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಪರಿಚಯಿಸಿದರು. ಅದಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ರೂಢಿಯಿತ್ತು. ಕೊಟ್ಟೆಗೆ ಬಿಡಿಭಾಗಗಳಿಲ್ಲ, ಪಂಪಿಗೆ ಇವೆ. ರಕ್ಷಣೆಯ ಭಾರವು ಹಾಳೆಯಿಂದ ಯಂತ್ರಕ್ಕೆ ವರ್ಗವಾದದ್ದೇ ಇಲ್ಲಿನ ಮುಖ್ಯ ಪಲ್ಲಟ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾದ ಮೇಲೆ ಈ ವಿಧಾನಕ್ಕೆ ಕರಾವಳಿಯಲ್ಲೇ ಶಾಸ್ತ್ರೀಯ ನೆಲೆ ದೊರೆಯಿತು.

ವಿಶ್ವಾಸಾರ್ಹತೆಯೆಂದರೆ ಗೊತ್ತಾದ ಪರಿಸ್ಥಿತಿಯಲ್ಲಿ, ಗೊತ್ತಾದ ಅವಧಿಯವರೆಗೆ ಉಪಕರಣವು ಕೆಡದೆ ದುಡಿಯುವ ಸಂಭವನೀಯತೆ. ಮದ್ದಿನ ಪಂಪಿಗೆ ಈ ಎರಡೂ ನಿಬಂಧನೆಗಳು ಕಠಿಣವಾದವು. ಅದು ವರ್ಷದ ಬಹುಭಾಗ ಅಟ್ಟದಲ್ಲಿರುತ್ತದೆ. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು 40-45 ದಿನಗಳ ಬಳಿಕ ಮತ್ತೊಮ್ಮೆ ಅದು ಬೇಕು. ಎರಡನೆಯ ಸರದಿಯು ಆಟಿಯ ಮಳೆಯ ನಡುವಿನ ಹೊಳವಿನ ಕೆಲವೇ ಗಂಟೆಗಳನ್ನು ಅವಲಂಬಿಸಿದೆ. ಆ ಗಂಟೆಗಳಲ್ಲಿ ಪಂಪು ಕೈಕೊಟ್ಟರೆ, ದುರಸ್ತಿ ಅರ್ಧ ದಿನದ್ದಾದರೂ ನಷ್ಟ ಇಡೀ ಫಸಲಿನದು. 2018ರಂತೆ ಮಳೆ ಬಿಡದೆ ಸುರಿದ ವರ್ಷಗಳಲ್ಲಿ ಹೊಳವೇ ಅಪರೂಪವಾಗಿ ಕೊಳೆ ವ್ಯಾಪಕವಾಯಿತು. ಅಂಥಲ್ಲಿ ಪಂಪಿನ ಒಂದು ಗಂಟೆಗೂ ಬೆಲೆಯುಂಟು.

ಕೆಡುವ ಭಾಗಗಳು ಬಹಳವಿಲ್ಲ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದಲೇ ಉರುಳೆಗೆ ಹಿತ್ತಾಳೆ, ದ್ರಾವಣಕ್ಕೆ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆ. ಸೋಸದ ಸುಣ್ಣದ ಹರಳು ನಾಜಲನ್ನು ಕಟ್ಟುತ್ತದೆ. ಹಳೆಯ ಕೈಪಂಪಿನ ಚರ್ಮದ ವಾಶರ್ ಬೇಸಗೆಯಲ್ಲಿ ಒಣಗಿ ಕುಗ್ಗಿ, ಒತ್ತಡ ನಿಲ್ಲಿಸದು. ಎಣ್ಣೆಯಲ್ಲಿ ನೆನೆಸಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಕೆಲಸ ಮುಗಿದ ಸಂಜೆ ಶುದ್ಧ ನೀರನ್ನು ಹಾಯಿಸುವುದು ಇವೆಲ್ಲಕ್ಕಿಂತ ಮುಖ್ಯ. ದ್ರಾವಣದ ಪರೀಕ್ಷೆಗೆ ಕತ್ತಿಯ ಅಲಗನ್ನು ಅದ್ದುವ ಕ್ರಮವನ್ನೂ ಇಲ್ಲಿ ನೆನೆಯಬಹುದು: ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಗೊನೆಯನ್ನೂ ಪಂಪನ್ನೂ ಒಟ್ಟಿಗೆ ಕಾಯುವ ಪರೀಕ್ಷೆಯಿದು.

ವಿಮಾನಗಳ ನಿರ್ವಹಣೆಯನ್ನು ಕುರಿತ ನೋಲನ್ ಮತ್ತು ಹೀಪ್ ಅವರ 1978ರ ಅಮೆರಿಕದ ವರದಿಯು, ನಿಗದಿತ ಅವಧಿಗೊಮ್ಮೆ ಎಲ್ಲವನ್ನೂ ಬಿಚ್ಚಿ ಜೋಡಿಸುವುದರಿಂದ ಅನೇಕ ಭಾಗಗಳಿಗೆ ಪ್ರಯೋಜನವಿಲ್ಲವೆಂದೂ, ವೈಫಲ್ಯದ ಪರಿಣಾಮವನ್ನು ನೋಡಿ ನಿರ್ವಹಣೆಯನ್ನು ಗೊತ್ತುಪಡಿಸಬೇಕೆಂದೂ ವಾದಿಸಿತು. ಪಂಪಿನ ಕವಾಟವನ್ನು ಸುಮ್ಮನೆ ಬಿಚ್ಚದೆ, ವಾಶರ್ ಮತ್ತು ನಾಜಲುಗಳನ್ನು ಮಾತ್ರ ಬದಲಿಗೆ ತಂದಿರಿಸುವ ಕೃಷಿಕನ ವಿವೇಕವು ಇದಕ್ಕೆ ದೂರದ್ದಲ್ಲ. ಆದರೂ ಎರಡನ್ನೂ ಒಂದೇ ಎನ್ನುವುದು ಅತಿಶಯೋಕ್ತಿ. ಅಲ್ಲಿ ದಾಖಲೆಗಳಿದ್ದವು, ಇಲ್ಲಿ ನೆನಪು ಮಾತ್ರ.

ಎಂಜಿನ್ ಚಾಲಿತ ಪಂಪುಗಳು ಬಂದ ಮೇಲೆ ಚರ್ಮದ ಸ್ಥಾನವನ್ನು ಬೆಲ್ಟು, ಪ್ಯಾಕಿಂಗು, ಕಾರ್ಬ್ಯುರೇಟರುಗಳು ಪಡೆದವು. ತೋಟದಲ್ಲೇ ಆಗುತ್ತಿದ್ದ ದುರಸ್ತಿ ಪೇಟೆಯ ಮೆಕ್ಯಾನಿಕನ ಬಳಿಗೆ ಹೋಯಿತು. 2020ರ ದಶಕದಲ್ಲಿ ಪ್ರಚಾರಕ್ಕೆ ಬಂದ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಮದ್ದು ಬಿಡಬಹುದಾಗಿದೆ; ಮರವೇರುವವರ ಅಭಾವಕ್ಕೆ ಇದು ಉತ್ತರ. ಹಿಂದೆ ಕಟ್ಟಿದ ನಾಜಲನ್ನು ಮರದ ಮೇಲಿದ್ದವನು ಅಲ್ಲೇ ಬಿಡಿಸುತ್ತಿದ್ದ. ಈಗ ಅದಕ್ಕಾಗಿ ಇಡೀ ದೋಟಿಯನ್ನು ಕೆಳಗಿಳಿಸಬೇಕು.