ಚಾವಿಯ ಚಲಚ್ಚಿತ್ರ ಯಂತ್ರವೂ ಕುಣಿತದ ಕಾಲಮಾನವೂ

ಓಲೆಗರಿಯ ಪ್ರತಿಯನ್ನು ಕೈಗೆತ್ತಿಕೊಂಡ ಸಂಪಾದಕನು ಮೊದಲು ಲಿಪಿಕಾರನ ಅಭ್ಯಾಸಗಳನ್ನು ಅರಿತು, ಅನಂತರವೇ ಪಾಠವನ್ನು ನಂಬುವನು. ಹವ್ಯಾಸಿಗಳು ತೆಗೆದ ಹಳೆಯ ಚಲಚ್ಚಿತ್ರಗಳನ್ನು ಜಾನಪದ ಚರಿತ್ರೆಗೆ ಆಧಾರವಾಗಿ ಹಿಡಿಯುವಾಗಲೂ ಈ ಎಚ್ಚರವು ಅವಶ್ಯಕವಾಗಿದೆ. ಅಲ್ಲಿ ಯಂತ್ರವೇ ಅರ್ಧ ಲಿಪಿಕಾರ.

1923ರಲ್ಲಿ ಕೊಡಕ್ ಸಂಸ್ಥೆಯು 16 ಮಿಲಿಮೀಟರ್ ಅಗಲದ, ಸುಲಭವಾಗಿ ಬೆಂಕಿ ಹತ್ತದ ಫಿಲ್ಮನ್ನು ಮನೆಬಳಕೆಗೆಂದು ಹೊರತಂದಿತು. ಅದರ ಮೊದಲ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿದ್ದಿತು; ಎರಡು ವರ್ಷಗಳಲ್ಲಿಯೇ ಗಡಿಯಾರದಂತೆ ಚಾವಿ ಕೊಡುವ ಯಂತ್ರವು ಬಂದಿತು. ಅದರ ಆಕರ್ಷಣೆಯೆಲ್ಲವೂ ಆ ಸ್ಪ್ರಿಂಗಿನಲ್ಲಿದೆ. ವಿದ್ಯುತ್ತಿನ ಹಂಗಿಲ್ಲದುದರಿಂದ ಲಂಡನ್ನಿನ ಅಂಗಳದಲ್ಲಿ ನಡೆಯುವಂತೆಯೇ ಸುರಪುರ ಸೀಮೆಯ ಕಕ್ಕೇರಾದಂತಹ ಊರಿನ ಜಾತ್ರೆಯಲ್ಲಿಯೂ ಅದು ನಡೆಯಬಲ್ಲುದು. ಆದರೆ ಒಮ್ಮೆ ಕೊಟ್ಟ ಚಾವಿಯು ಹಲವು ಯಂತ್ರಗಳಲ್ಲಿ ಸುಮಾರು ಅರ್ಧ ನಿಮಿಷಕ್ಕೆ ಮುಗಿಯುವುದು. ಆದುದರಿಂದ ಕುಣಿತವು ನಡುವೆ ಕಡಿದಂತೆ ತೋರಿದರೆ ಅದನ್ನು ಕಲಾವಿದನ ವಿರಾಮವೆಂದು ಬಗೆಯಲಾಗದು, ಅದು ಗ್ರಂಥಪಾತವಾಗಿರಬಹುದು.

ಇದಕ್ಕಿಂತಲೂ ಗಹನವಾದುದು ವೇಗದ ಪ್ರಶ್ನೆ. 100 ಅಡಿಯ ಸುರುಳಿಯಲ್ಲಿ 4000 ಚಿತ್ರಗಳಿರುವುವು. ಮೂಕಚಿತ್ರದ ವಾಡಿಕೆಯಂತೆ ಸೆಕೆಂಡಿಗೆ 16 ಚಿತ್ರಗಳಾದರೆ ಅದು ನಾಲ್ಕು ನಿಮಿಷ ಹತ್ತು ಸೆಕೆಂಡು ಓಡುವುದು. ಅದನ್ನೇ ವಾಕ್ಚಿತ್ರದ ವೇಗದಲ್ಲಿ, ಎಂದರೆ 24ರಂತೆ, ಓಡಿಸಿದರೆ ಮೂರು ನಿಮಿಷಕ್ಕಿಂತ ಮುಂಚೆಯೇ ಮುಗಿಯುವುದು. ವಿಳಂಬಗತಿಯ ಹೆಜ್ಜೆಯು ಒಂದೂವರೆಪಟ್ಟು ತ್ವರಿತವಾಗಿ, ಗಂಭೀರವಾದ ನರ್ತನವು ಗೊಂಬೆಯಾಟವಾಗುವುದು. ಹಿಂದಿನವರು ಹಾಗೆಯೇ ಕುಣಿಯುತ್ತಿದ್ದರೆಂದು ನಂಬುವವರೂ ಇಲ್ಲದಿಲ್ಲ!

ಡಚ್ ಸಂಗೀತಶಾಸ್ತ್ರಜ್ಞ ಆರ್ನಲ್ಡ್ ಬಾಕೆಯವರು 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಕಲೆಗಳನ್ನು ದಾಖಲಿಸುವಾಗ ಚಿತ್ರವನ್ನು 16 ಮಿಲಿಮೀಟರಿನ ಮೂಕ ಫಿಲ್ಮಿನಲ್ಲಿಯೂ ಧ್ವನಿಯನ್ನು ಬೇರೊಂದು ಯಂತ್ರದಲ್ಲಿಯೂ ಹಿಡಿದರು. ಇಂತಹ ಎರಡನ್ನು ಕೂಡಿಸಿ ಓದಬೇಕಾದರೆ ವೇಗನಿರ್ಣಯವೇ ಮೊದಲ ಮೆಟ್ಟಿಲು. ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಅವರು ಏಮಿ ಕ್ಯಾಟ್ಲಿನ್ ಅವರೊಡನೆ 1984ರಲ್ಲಿ ಈ ದಾಖಲೆಗಳನ್ನು ಹಿಡಿದು ಅದೇ ಪ್ರದೇಶಗಳಿಗೆ ಮರಳಿ ಹೋದರು. ನನ್ನ ಮತದಲ್ಲಿ ಇದು ಪಾಠಶೋಧನೆಯ ಸರಿಯಾದ ಕ್ರಮ: ಸಂಶಯ ಬಂದಲ್ಲಿ ಪರಂಪರೆಯನ್ನು ಬಲ್ಲವರನ್ನೇ ಕೇಳುವುದು.

ಈ ಫಿಲ್ಮಿಗೆ ಬೆಂಕಿಯ ಭಯ ಕಡಮೆಯಾದರೂ ಕಾಲದ ಭಯ ತಪ್ಪಿದುದಲ್ಲ. ಅದು ಹುಳಿಯ ವಾಸನೆ ಬೀರುತ್ತ ಕುಗ್ಗಿ, ಹಲ್ಲುಚಕ್ರಕ್ಕೆ ಹೊಂದದಂತಾಗುವುದು. ಆಗ ಗಣಕಪ್ರತಿಯನ್ನು ಮಾಡಿಸಿಕೊಂಡು, ವೇಗವನ್ನೋ ಯಂತ್ರದ ಹೆಸರನ್ನೋ ಬರೆದಿದ್ದ ತಗಡಿನ ಡಬ್ಬಿಯನ್ನು ಗುಜರಿಗೆ ಹಾಕಿದರೆ, ಪುಷ್ಪಿಕೆಯ ಗರಿಯನ್ನು ಹರಿದೊಗೆದಂತಾಗುವುದು.