ಗೌಜಲ ಹಕ್ಕಿ ಮೊಟ್ಟೆಗಳು ಮರಿಯಾಗದಿರಲು ಕಾರಣಗಳು ಮತ್ತು ಪರಿಹಾರ: ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಸಾಕಣೆದಾರರ ಮಾಹಿತಿಗಾಗಿ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳಲ್ಲಿ ಮನೆಮಟ್ಟದಲ್ಲಿ ಜಪಾನಿ ಗೌಜಲ ಹಕ್ಕಿ ಸಾಕುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಜನಬಳಕೆಯಲ್ಲಿ ಕ್ವೇಲ್ ಎನಿಸಿರುವ ಈ ಹಕ್ಕಿಯನ್ನು ಭಾರತಕ್ಕೆ 1974ರಲ್ಲಿ ತರಲಾಯಿತು. ಸಾಕಣೆಯ ಹಕ್ಕಿಯಲ್ಲಿ ಕಾವು ಕೂರುವ ಸ್ವಭಾವವು ಬಹುಮಟ್ಟಿಗೆ ಇಲ್ಲವಾಗಿರುವುದರಿಂದ ಇನ್‌ಕ್ಯುಬೇಟರನ್ನೋ ಹಗುರ ಮೈಯ ನಾಟಿ ಹೇಂಟೆಯನ್ನೋ ಅವಲಂಬಿಸಬೇಕಾಗುತ್ತದೆ. ಮರಿ ಹೊರಬರಲು 17ರಿಂದ 18 ದಿನಗಳು ಬೇಕು. ಕಾಡಿನ ಗೌಜಲ ಹಕ್ಕಿಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಿದ್ದು, ಅವುಗಳ ಮೊಟ್ಟೆ ಸಂಗ್ರಹಿಸುವುದು ಅಪರಾಧವಾಗಿರುತ್ತದೆ.

ಮೊದಲು ಲೆಕ್ಕ

ಯಂತ್ರವನ್ನು ದೂರುವ ಮೊದಲು 19ನೇ ದಿನ ಉಳಿದ ಮೊಟ್ಟೆಗಳನ್ನು ಒಡೆದು ನೋಡತಕ್ಕದ್ದು. 100 ಮೊಟ್ಟೆಗಳಲ್ಲಿ 45 ಮರಿಯಾಗಿ, 25ರಲ್ಲಿ ಭ್ರೂಣದ ಕುರುಹೇ ಇಲ್ಲದಿದ್ದರೆ, ಫಲಿತ ಮೊಟ್ಟೆ 75 ಮಾತ್ರ. ಯಂತ್ರದ ಫಲಿತಾಂಶ ಶೇ. 60 ಆಗುತ್ತದೆಯೇ ಹೊರತು 45 ಅಲ್ಲ. ಉಳಿದ 25ರ ಹೊಣೆ ಹೆಚ್ಚಾಗಿ ಹಕ್ಕಿಗಳ ಗುಂಪಿನದು. ಎರಡು ಮೂರು ಹೆಣ್ಣಿಗೆ ಒಂದು ಗಂಡು ಇರಬೇಕು. ಅಂಗಡಿಯಲ್ಲಿ ತಿನ್ನಲೆಂದು ಮಾರುವ ಮೊಟ್ಟೆಗಳು ಗಂಡು ಹಕ್ಕಿಯಿಲ್ಲದ ಗೂಡಿನವಾಗಿರಬಹುದಾದ ಕಾರಣ ಅವುಗಳನ್ನು ಕಾವಿಗೆ ಇಡಬಾರದು.

ಒಳಗೆ ರಕ್ತದ ಉಂಗುರ ಕಂಡರೆ ಭ್ರೂಣವು ಮೊದಲ ದಿನಗಳಲ್ಲೇ ಸತ್ತಿದೆ ಎಂದು ತಿಳಿಯಬೇಕು. ಏಳು ದಿನಕ್ಕಿಂತ ಹಳೆಯ ಮೊಟ್ಟೆ, ಘಟ್ಟದ ಬುಡದ ರಸ್ತೆಗಳ ಕುಲುಕಾಟ, ಅತಿಯಾದ ಉಷ್ಣತೆ ಇದಕ್ಕೆ ಕಾರಣಗಳು. ದೂರದಿಂದ ತಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ಅರ್ಧ ದಿನವಾದರೂ ಹಾಗೇ ಇರಿಸಿ ಅನಂತರ ಕಾವಿಗೆ ಇಡುವುದು.

ಮಳೆಗಾಲದ ತೇವಾಂಶ

ಪೂರ್ಣ ಬೆಳೆದ ಮರಿ ಚಿಪ್ಪನ್ನು ಒಡೆಯದೆ ಒಳಗೇ ಸತ್ತು, ಸುತ್ತಲೂ ನೀರು ನಿಂತಿರುವುದು ಮಳೆಗಾಲದಲ್ಲಿ ವಿಶೇಷವಾಗಿ ಗಮನಿಸಬೇಕಾದ ದೋಷವಾಗಿದೆ. ಕೈಪಿಡಿಯಲ್ಲಿ ಹೇಳಿದಂತೆ ಎರಡೂ ತಟ್ಟೆಗಳಿಗೆ ನೀರು ತುಂಬಿಸುವುದೇ ಇಲ್ಲಿ ಮುಳುವಾಗುತ್ತದೆ. ಹೊರಗೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 95 ತೇವಾಂಶವಿರುವ ಗಾಳಿ ಯಂತ್ರದೊಳಗೆ 37.5 ಡಿಗ್ರಿಗೆ ಕಾದಾಗ, ಒಂದು ಹನಿ ನೀರು ಹಾಕದಿದ್ದರೂ ಅದರ ತೇವಾಂಶ ಸುಮಾರು ಶೇ. 47 ಇರುತ್ತದೆ. ಚಳಿಗಾಲದ ರಾತ್ರಿಯ 20 ಡಿಗ್ರಿ, ಶೇ. 80 ತೇವಾಂಶದ ಗಾಳಿಯಾದರೆ ಅದು ಶೇ. 29ಕ್ಕೆ ಇಳಿಯುತ್ತದೆ. ಆದುದರಿಂದ ಜುಲೈ ತಿಂಗಳಿಗೂ ಜನವರಿಗೂ ಒಂದೇ ಪ್ರಮಾಣದ ನೀರು ಸಲ್ಲದು.

ಅಗ್ಗದ ಹೈಗ್ರೋಮೀಟರಿಗಿಂತ ತಕ್ಕಡಿ ಹೆಚ್ಚು ನಂಬಿಕೆಗೆ ಅರ್ಹ. ಕಾವಿಗೆ ಇಡುವಾಗ 500 ಗ್ರಾಂ ತೂಗಿದ 50 ಮೊಟ್ಟೆಗಳು 14ನೇ ದಿನ ಸುಮಾರು 435ರಿಂದ 450 ಗ್ರಾಂ ತೂಗಬೇಕು. ತೂಕ ಅದಕ್ಕಿಂತ ಹೆಚ್ಚಿದ್ದರೆ ನೀರು ಆರಿಲ್ಲ, ಗಾಳಿಗೂಡು ಚಿಕ್ಕದಾಗಿದೆ ಎಂದರ್ಥ. ಮುಂದಿನ ಸಲ ನೀರನ್ನು ಕಡಿಮೆ ಮಾಡಬೇಕು. ಕೊನೆಯ ಮೂರು ದಿನ ಮಾತ್ರ ತೇವಾಂಶವನ್ನು ಶೇ. 65ರಿಂದ 70ಕ್ಕೆ ಏರಿಸಿ, ಗಾಳಿಕಿಂಡಿಗಳನ್ನು ತೆರೆದಿಡುವುದು. ಚಿಪ್ಪು ಬಿರಿದ ಮೇಲೆ ಸತ್ತ ಮರಿಗಳಿದ್ದರೆ ಆ ಅವಧಿಯಲ್ಲಿ ಒಣಗಾಳಿ ತಗುಲಿರಬಹುದು. ಮರಿ ಬರುವಾಗ ಮನೆಮಂದಿಯೆಲ್ಲ ಮುಚ್ಚಳ ತೆಗೆದು ನೋಡುವುದು ಸಹಜವೇ ಆದರೂ ತಡೆಯಬೇಕು.

ಉಷ್ಣತೆ ಮತ್ತು ವಿದ್ಯುತ್ ವ್ಯತ್ಯಯ

ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಸಾಕು. ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಹಾಕಿ ಫ್ಯಾನ್ ಇಲ್ಲದೆ ಮಾಡಿಕೊಂಡಿದ್ದರೆ, ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ 38.5ರಿಂದ 39 ಡಿಗ್ರಿ ಇರಬೇಕು. ಯಂತ್ರದ ಅಂಕಿಯನ್ನು ಜ್ವರದ ಥರ್ಮಾಮೀಟರಿನಿಂದ ತಾಳೆ ನೋಡುವುದು ಸೂಕ್ತ. ಗಾಳಿಮಳೆಗೆ ವಿದ್ಯುತ್ ಹೋದಾಗ ಮುಚ್ಚಳ ತೆರೆಯದೆ, ಕಿಂಡಿಗಳನ್ನು ಬಿಟ್ಟು ಕಂಬಳಿ ಹೊದಿಸಬೇಕು. ಭ್ರೂಣವು ಸ್ವಲ್ಪ ಕಾಲ ತಣ್ಣಗಾಗುವುದನ್ನು ಸಹಿಸೀತು, ಅತಿಯಾಗಿ ಬಿಸಿಯಾಗುವುದನ್ನಲ್ಲ. ಒಂದೆರಡು ಗಂಟೆ ವಿದ್ಯುತ್ ಇಲ್ಲದಿದ್ದ ಮಾತ್ರಕ್ಕೆ ಮೊಟ್ಟೆಗಳನ್ನು ಎಸೆಯಬೇಕಾಗಿಲ್ಲ.

14ನೇ ದಿನದವರೆಗೆ ದಿನಕ್ಕೆ ಮೂರು ಅಥವಾ ಐದು ಬಾರಿ ಮೊಟ್ಟೆಗಳನ್ನು ಹೊರಳಿಸುವುದು. ಬೆಸಸಂಖ್ಯೆಯಾದರೆ ಪ್ರತಿ ರಾತ್ರಿ ಬೇರೆ ಮಗ್ಗುಲು ಮೇಲೆ ಬರುತ್ತದೆ.

ಸಲಹೆ ಪಡೆಯಲು ಬರುವವರು

ಸಮೀಪದ ಪಶುವೈದ್ಯ ಸಂಸ್ಥೆಗೆ ಬರುವ ಸಾಕಣೆದಾರರು ಮೊಟ್ಟೆ ಖರೀದಿಯ ದಿನಾಂಕ, ಕಾವಿಗೆ ಇಟ್ಟ ದಿನಾಂಕ, ಎರಡು ಬಾರಿಯ ತೂಕ, ದಿನವಹಿ ಉಷ್ಣತೆಯ ಟಿಪ್ಪಣಿ ಹಾಗೂ ಒಡೆಯದ ಕೆಲವು ಮೊಟ್ಟೆಗಳನ್ನು ತರತಕ್ಕದ್ದು. ಟಿಪ್ಪಣಿಯಿಲ್ಲದೆ ಬಂದವರಿಗೆ ನಿಖರವಾದ ಕಾರಣ ತಿಳಿಸುವುದು ಕಷ್ಟಸಾಧ್ಯ.