ಪೀಕ್, ಕಿಮ್ (1951-2009)

ಅಸಾಧಾರಣ ಜ್ಞಾಪಕಶಕ್ತಿಗೆ ಹೆಸರಾದ ಅಮೆರಿಕನ್. ಹುಟ್ಟೂರು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಸಾವಿರಾರು ಪುಸ್ತಕಗಳು ಈತನಿಗೆ ಕಂಠಪಾಠವಾಗಿದ್ದವು. ಯಾವುದೇ ತಾರೀಖು ಹೇಳಿದರೂ ವಾರ ಯಾವುದೆಂದು ಥಟ್ಟನೆ ತಿಳಿಸುತ್ತಿದ್ದ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ತಿಣುಕುತ್ತಿದ್ದ. ದಿನನಿತ್ಯದ ಆರೈಕೆಯೆಲ್ಲ ತಂದೆ ಫ್ರಾನ್ ಅವರದು. 1988ರ 'ರೇನ್ ಮ್ಯಾನ್' ಚಲನಚಿತ್ರಕ್ಕೆ ಪ್ರೇರಣೆ ಈತನೇ. ಚಿತ್ರದ ನಾಯಕನಿಗೆ ಆಟಿಸಂ ಇದೆ, ಪೀಕ್‌ಗೆ ಇರಲಿಲ್ಲ. ಜನ ಇಂದಿಗೂ ಇಬ್ಬರನ್ನೂ ಬೆರೆಸಿ ಮಾತಾಡುತ್ತಾರೆ.

ಮೆದುಳಿನ ಎರಡು ಅರ್ಧಗೋಳಗಳನ್ನು ಬೆಸೆಯುವ ದಪ್ಪ ನರತಂತುಗಳ ಕಟ್ಟು, ಅಂದರೆ ಕಾರ್ಪಸ್ ಕೆಲೋಸಮ್, ಪೀಕ್‌ನಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಕಿರುಮಿದುಳಿಗೂ ಹಾನಿಯಾಗಿತ್ತು. ನೆನಪಿನ ಗುಟ್ಟು ಇಲ್ಲೇ ಇದೆಯೆನ್ನಲು ಮನಸ್ಸಾಗುತ್ತದೆ, ಆದರೆ ಈ ಕಟ್ಟಿಲ್ಲದೆ ಹುಟ್ಟಿದ ಬಹುತೇಕರಲ್ಲಿ ಇಂಥ ಶಕ್ತಿ ಕಾಣುವುದಿಲ್ಲ. ಪೀಕ್‌ನಂಥ ಪ್ರತಿಭೆಯುಳ್ಳವರನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನೋವೈದ್ಯ ಡರೋಲ್ಡ್ ಟ್ರೆಫರ್ಟ್ ಅವರ ಪ್ರಕಾರ, ಎಡ ಅರ್ಧಗೋಳದ ಕೊರತೆಯನ್ನು ಬಲಭಾಗ ತುಂಬಿಕೊಡುವಾಗ ಈ ಪ್ರತಿಭೆ ಹೊರಬೀಳುತ್ತದೆ. ಆಸ್ಟ್ರೇಲಿಯಾದ ಅಲನ್ ಸ್ನೈಡರ್ ಅವರ ಊಹೆ ಬೇರೆ: ವಿವರಗಳನ್ನು ಅರ್ಥದ ಚೌಕಟ್ಟಿಗೆ ಅಡಕ ಮಾಡುವ ಮುಂಚಿನ ಕಚ್ಚಾ ಮಾಹಿತಿಯೇ ಇಂಥವರಿಗೆ ನೇರವಾಗಿ ದಕ್ಕುತ್ತದೆ. ಪೀಕ್ ಪದಶಃ ನೆನಪಿಡುತ್ತಿದ್ದ, ಗಾದೆಗಳ ಒಳಾರ್ಥ ಬಿಡಿಸಲು ಮಾತ್ರ ತಡವರಿಸುತ್ತಿದ್ದ. ಇದು ಎರಡನೆಯ ಊಹೆಗೆ ಹೆಚ್ಚು ಹೊಂದುತ್ತದೆ.